ಸಿಂಚನಳ ಬೆನ್ನಿಗೆ ಕೂತ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ. ಜೊತೆಗೊಂದು ಫೋಟೊ ಹಾಕಿದ್ದರು. ಗಾಜಿನ ಗೋಡೆಯ ಕೋಣೆ, ನಡುವೆ ನಾವು ಮಾಡಿದ ನೀಲಿ ಕುರ್ಚಿ, ಕುರ್ಚಿಯಲ್ಲಿ ಬೆಲ್ಟು ಬಿಗಿಸಿಕೊಂಡು ಕೂತ ದೊಡ್ಡ ಪ್ಲಾಸ್ಟಿಕ್ ಗೊಂಬೆ, ಪಕ್ಕದಲ್ಲಿ ಮೇಡಂ. ಕೆಳಗೆ ಒಬ್ಬೊಬ್ಬರಾಗಿ ಕೈ ಮುಗಿಯುತ್ತಿದ್ದರು. 'ಸದಾ ನಗುಮುಖದ ನಮ್ಮ ಮೇಡಂ' ಎಂದು ಯಾರೋ ಬರೆದಿದ್ದರು. ಅದು ನಗು ಅಲ್ಲ. ಆ ದಿನ ಅವರು ಹಲ್ಲು ಕಚ್ಚಿ ನಿಂತಿದ್ದರು. ದೂರದಿಂದ ತೆಗೆದ ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಕಾಲೇಜಿನ ಹೆಸರೂ ಹಿಂದೆಯೇ ಬರುತ್ತದೆ, ಅದು ನನಗೆ ಬೇಕಾಗಿಲ್ಲ. ಊರಾಚೆ ಇರುವ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು ಅಂದುಕೊಂಡರೆ ಸಾಕು.

ನಾನು ಇಲವಾಲದವಳು. ಅಪ್ಪ ಇಟ್ಟಿಗೆ ಲಾರಿಗೆ ಲೋಡು ಹಾಕುತ್ತಿದ್ದರು, ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಅಪ್ಪನ ಕಡೆ ನೋಡಿದರೂ ಅಮ್ಮನ ಕಡೆ ನೋಡಿದರೂ ಡಿಗ್ರಿ ಕಂಡ ಮೊದಲ ತಲೆ ನನ್ನದು. ಇದನ್ನು ಎಲ್ಲಿ ಸಂದರ್ಭ ಸಿಕ್ಕಿದರೂ ಹೇಳಿಕೊಳ್ಳುತ್ತೇನೆ. ಕಷ್ಟಪಟ್ಟು ಪಡೆದದ್ದು, ಬಚ್ಚಿಟ್ಟುಕೊಂಡು ಕೂರುವುದಕ್ಕೆ ನನ್ನಿಂದ ಆಗುವುದಿಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದೆ. ಮೊದಲ ಸೆಮಿನಾರಿನ ದಿನ ಬಾಯಿಪಾಠ ಮಾಡಿದ ಇಂಗ್ಲಿಷ್ ಅರ್ಧಕ್ಕೆ ಮರೆತುಹೋಗಿ ಬೋರ್ಡಿನ ಮುಂದೆ ನಿಂತುಬಿಟ್ಟೆ. ಹಿಂದಿನ ಬೆಂಚಿನಲ್ಲಿ ನಗು. ಮೇಡಂ ತಲೆ ಎತ್ತದೆ ಹೇಳಿದರು: "ತಲೇಲಿರೋದು ಯಾವ ಭಾಷೇಲಿದೆಯೋ ಅದರಲ್ಲೇ ಹೇಳ್ರೀ. ವೆಲ್ಡಿಂಗ್ ಕಡ್ಡಿಗೆ ಇಂಗ್ಲಿಷ್ ಬರಲ್ಲ." ನಾನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಆಮೇಲೆ ಹಿಂದಿನ ಬೆಂಚಿನವರನ್ನು ಎಬ್ಬಿಸಿ ಅದೇ ವಿಷಯದ ಮೇಲೆ ಪ್ರಶ್ನೆ ಕೇಳಿದರು. ಇಂಗ್ಲಿಷಿನಲ್ಲೂ ಅವರಿಗೆ ಉತ್ತರ ಬರಲಿಲ್ಲ.

ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕರಲ್ಲಿ ಅವರೊಬ್ಬರೇ ಹೆಂಗಸು. ಮನೆ ಅಗ್ರಹಾರದಲ್ಲಿ. ತಾತ ಅರಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಕಾಲಿಗೆ ವರ್ಕ್‌ಶಾಪಿನ ದಪ್ಪ ಕಪ್ಪು ಶೂ ಹಾಕಿಕೊಂಡು ಬರುತ್ತಿದ್ದರು. ಯಾರಾದರೂ ಶೂ ಕಡೆ ನೋಡಿದರೆ, "ಏನ್ರೀ, ನಿಮಗೂ ಬೇಕಾ? ಕಾಲ ಮೇಲೆ ಕಬ್ಬಿಣ ಬೀಳೋವಾಗ ಇದು ಸೀರೆ ಉಟ್ಟ ಕಾಲು ಅಂತ ನೋಡಿ ಬೀಳಲ್ಲ" ಅನ್ನುತ್ತಿದ್ದರು. ನಮ್ಮಂಥ ಇಪ್ಪತ್ತರ ಹುಡುಗ ಹುಡುಗಿಯರನ್ನೂ ಅವರು 'ರೀ' ಎಂದೇ ಕರೆಯುತ್ತಿದ್ದದ್ದು. ಬೈಯುವಾಗಲಂತೂ ಮರ್ಯಾದೆ ಇನ್ನೂ ಜಾಸ್ತಿ: "ಬನ್ನಿ ಇಂಜಿನಿಯರ್ರೇ, ದಯಮಾಡಿಸಿ, ಏನು ಹಾಳು ಮಾಡ್ಕೊಂಡು ಬಂದಿದೀರಿ?"

ಕೊನೆಯ ವರ್ಷದ ಪ್ರಾಜೆಕ್ಟು ಹೇಗೆ ಆಗುತ್ತದೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾಲ್ಕೈದು ಜನರ ಗುಂಪು, ಒಬ್ಬರು ಗೈಡು, ಏನಾದರೊಂದು ಮಾಡಿ ತೋರಿಸಬೇಕು. 'ಸಮಾಜಕ್ಕೆ ಉಪಯೋಗ' ಅಂತ ಇದ್ದರೆ ಮಾರ್ಕ್ಸ್ ಚೆನ್ನಾಗಿ ಬೀಳುತ್ತದೆ. ಅದಕ್ಕೇ ಪ್ರತಿ ವರ್ಷ ಯಾವುದಾದರೂ ಗುಂಪು ಕುರುಡರಿಗೆ ಎಚ್ಚರಿಕೆ ಕೊಡುವ ಕೋಲು ಮಾಡುತ್ತದೆ. ಕೋಲಿನ ತುದಿಗೆ ಸೆನ್ಸರ್ ಕಟ್ಟಿರುತ್ತಾರೆ, ಗೋಡೆ ಹತ್ತಿರ ಬಂದರೆ ಕೀಂಯ್ ಅನ್ನುತ್ತದೆ. ಮೇಡಂ ಹೇಳುತ್ತಿದ್ದರು: "ಈ ಕಾಲೇಜಲ್ಲಿ ಮಾಡಿರೋ ಕೋಲುಗಳನ್ನೆಲ್ಲ ಒಟ್ಟು ಹಾಕಿದ್ರೆ ಒಂದು ಸೌದೆ ಡಿಪೋ ಇಡಬಹುದು ಕಣ್ರೀ. ಒಬ್ಬ ಕುರುಡ ಅದನ್ನ ಹಿಡ್ಕೊಂಡು ರಸ್ತೇಲಿ ಹೋಗೋದನ್ನ ನಾನು ಕಂಡಿಲ್ಲ."

ನಮ್ಮ ಗುಂಪು ಅವರ ಬಳಿಗೆ ಹೋದಾಗ ಮೊದಲ ಹಾಳೆಯಲ್ಲಿ 'ಅಂಗವಿಕಲ ಮಕ್ಕಳಿಗೆ ಸಹಾಯಕ ಸಾಧನ' ಎಂದು ಬರೆದುಕೊಂಡಿದ್ದೆವು. ಮೇಡಂ ಅದರ ಮೇಲೆ ಬೆರಳಿಟ್ಟು ಕೇಳಿದರು.

"ಯಾರಿಗೆ?"

"ಅಂಗವಿಕಲ ಮಕ್ಕಳಿಗೆ, ಮೇಡಂ," ಎಂದ ನಮ್ಮ ಗುಂಪಿನ ಕಿರಣ್.

"ಅದೇ, ಯಾರಿಗೆ? ಹೆಸರೇನು? ಯಾವ ಬೀದಿ?"

ಕಿರಣ್ ನನ್ನ ಮುಖ ನೋಡಿದ.

"ಹೆಸರಿಲ್ಲದ ಮಗುವಿಗೆ ಅಳತೆ ಎಲ್ಲಿಂದ ತರ್ತೀರಿ? ಹೋಗಿ, ಒಂದು ಮಗು ಹುಡುಕ್ಕೊಂಡು ಬನ್ನಿ."

ಅದಕ್ಕೂ ಮೊದಲು ನಮ್ಮನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಹಜಾರದ ಒಂದು ಮೂಲೆಯಲ್ಲಿ ಮುರಿದ ಕೋಲುಗಳು, ಚಕ್ರ ಕಳಚಿದ ಗಾಡಿಗಳು, ವೈರು ಕಿತ್ತ ಕೈಗವಸುಗಳು ತುಂಬಿದ್ದವು. ವಿಶೇಷ ಮಕ್ಕಳ ಶಾಲೆಯೊಂದರ ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಪ್ರಾಜೆಕ್ಟುಗಳು ಅವು. ಹುಡುಗರು ಕೊಟ್ಟು, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಹೋಗಿದ್ದರು. ಬ್ಯಾಟರಿ ಸತ್ತ ಮೇಲೆ ಯಾರೂ ಬಂದಿರಲಿಲ್ಲ. ಮೇಡಂ ಗೂಡ್ಸ್ ಆಟೊ ಮಾಡಿಸಿ ಎಲ್ಲವನ್ನೂ ಮನೆಗೆ ತಂದುಬಿಟ್ಟಿದ್ದರು. "ಇದು ನಮ್ಮ ಡಿಪಾರ್ಟ್‌ಮೆಂಟಿನ ಸ್ಮಶಾನ. ನೋಡ್ಕೊಳ್ಳಿ," ಎಂದು ಹೇಳಿ ಕಾಫಿ ಮಾಡಲು ಒಳಗೆ ಹೋದರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ನಾವು ಹೇಳಲಿಲ್ಲ, ಕುಡಿದೆವು.

ಹುಡುಕಿದಾಗ ಸಿಕ್ಕವಳು ಸಿಂಚನ. ನಜರ್‌ಬಾದಿನ ಒಂದು ವಠಾರದಲ್ಲಿ ಕೋಣೆ, ಅಡುಗೆಮನೆ ಅಷ್ಟೇ ಇದ್ದ ಮನೆ. ಅಪ್ಪ ಬಾಡಿಗೆ ಆಟೊ ಓಡಿಸುತ್ತಿದ್ದ. ಅಮ್ಮ ರೂಪಕ್ಕ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಸಿಂಚನಳಿಗೆ ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು, ಕತ್ತು ಹಿಡಿತಕ್ಕೆ ಬರುತ್ತಿರಲಿಲ್ಲ. ಮಾತಿಲ್ಲ. ಕಣ್ಣು ಮಾತ್ರ ಎಲ್ಲವನ್ನೂ ಹಿಂಬಾಲಿಸುತ್ತಿತ್ತು. ದೊಡ್ಡ ಸಂಕಟ ಊಟದ್ದು. ಕೂರಿಸಲು ಆಗದೆ ಮಲಗಿಸಿಯೇ ಉಣಿಸುತ್ತಿದ್ದರು. ಹಾಗೆ ಉಣಿಸಿದರೆ ಅನ್ನ ಹೊಟ್ಟೆಗೆ ಹೋಗುವ ಬದಲು ಎದೆಗೆ ಇಳಿಯುತ್ತದೆ, ನ್ಯುಮೋನಿಯಾ ಆಗುತ್ತದೆ, ಹೀಗೇ ಆಗುತ್ತಿದ್ದರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಬೆನ್ನು ನೆಟ್ಟಗೆ, ಗಲ್ಲ ಸ್ವಲ್ಪ ಕೆಳಗೆ ಇದ್ದರೆ ನುಂಗಬಲ್ಲಳು. ಅಂಥ ಕುರ್ಚಿ ಅಂಗಡಿಯಲ್ಲಿ ಸಿಗುತ್ತದೆ, ಅವರ ಕೈಗೆ ಎಟುಕುವ ಮಾತಲ್ಲ.

ನಾವು ಮಾಡಿದ್ದು ಅಂಥ ಕುರ್ಚಿಯನ್ನು, ಕಾಲಿಗೆ ಚಿಕ್ಕ ಚಕ್ರ ಹಾಕಿ. ಅಳತೆಗೆ ಮೇಡಂ ಎಷ್ಟು ಸಲ ಕಳಿಸಿದರೋ! ಸೊಂಟ, ತೊಡೆ, ಮಂಡಿ, ಕಂಕುಳಿಂದ ಕೂರುವ ಜಾಗದವರೆಗೆ, ಎಲ್ಲ ಮಿಲಿಮೀಟರಿನಲ್ಲಿ. ತೊಡೆಯ ಪಕ್ಕದ ಪಟ್ಟಿಗಳನ್ನು ಬೋಲ್ಟಿನಲ್ಲಿ ಕೂರಿಸಿ ಹಿಂದೆ ಮುಂದೆ ಸರಿಯುವ ಹಾಗೆ ಮಾಡೋಣ ಎಂದು ಕಿರಣ್ ಹೇಳಿದ. ಮೇಡಂ ಒಪ್ಪಲಿಲ್ಲ. "ಬೋಲ್ಟು ಸಡಿಲ ಆಗತ್ತೆ. ನೀವು ಪಾಸಾಗಿ ಹೋಗಿರ್ತೀರಿ. ಬಿಗಿ ಮಾಡೋರು ಯಾರು? ಮಗು ಮುಗ್ಗರಿಸಿ ಬೀಳತ್ತೆ. ವೆಲ್ಡ್ ಮಾಡ್ರೀ." ಮನೆಯ ಹಜಾರದಲ್ಲಿ ಅಷ್ಟೊಂದು ಕಳಚಿದ ಚಕ್ರಗಳನ್ನು ಇಟ್ಟುಕೊಂಡವರು ಇನ್ನೇನು ಹೇಳಿಯಾರು. ವೆಲ್ಡ್ ಮಾಡಿದೆವು.

ಮೊದಲ ದಿನ ಅವಳನ್ನು ಕೂರಿಸಿ ಎದೆಯ ಬೆಲ್ಟು ಹಾಕಿದಾಗ ಸಿಂಚನ ಬಾಗಿಲಾಚೆಯ ಬೀದಿಯನ್ನು ನೋಡಿದಳು. ಅಷ್ಟು ದಿನ ಅವಳು ಕಂಡಿದ್ದು ಮನೆಯ ಸೂರು. ಒಂದು ಹಸು ಹೋಯಿತು, ಗ್ಯಾಸ್ ಸಿಲಿಂಡರಿನ ಗಾಡಿ ಹೋಯಿತು. ಅವಳ ಬಾಯಿ ತೆರೆದೇ ಇತ್ತು, ರೂಪಕ್ಕ ಅದರೊಳಗೆ ರಾಗಿ ಗಂಜಿ ಹಾಕಿದಳು, ಅದು ಕೆಮ್ಮಿಲ್ಲದೆ ಒಳಗೆ ಹೋಯಿತು. "ನೋಡ್ರಪ್ಪಾ, ರಾಣಿ ಕುಂತವ್ಳೆ!" ಎಂದು ರೂಪಕ್ಕ ನಕ್ಕಳು. ಮೇಡಂ ಮಾತ್ರ ಬಗ್ಗಿ ವೆಲ್ಡಿಂಗಿನ ಅಂಚನ್ನು ಬೆರಳಿನಿಂದ ಸವರುತ್ತಾ, "ಇಲ್ಲಿ ಇನ್ನೂ ಉಜ್ಜಬೇಕಿತ್ತು," ಅಂದರು.

ನಮ್ಮ ರಿಸಲ್ಟ್ ಬಂತು. ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಆಗಲೇ ಕಾಲೇಜಿಗೆ ಗ್ರೇಡ್ ಕೊಡುವ ಕಮಿಟಿ ಬರುವುದಿತ್ತು. ಒಳ್ಳೆಯ ಪ್ರಾಜೆಕ್ಟುಗಳನ್ನು ಜೋಡಿಸಿಡಬೇಕು ಎಂದು ನಮ್ಮ ವಿಭಾಗದ ಮುಖ್ಯಸ್ಥರು, ಎಚ್‌ಒಡಿ ಸರ್, ಕಾಲೇಜಿನ ವ್ಯಾನು ಕಳಿಸಿ ಕುರ್ಚಿಯನ್ನು ತರಿಸಿಕೊಂಡರು. ಮೇಡಂ ಅವತ್ತು ಬೇರೆ ಊರಿನಲ್ಲಿ ಪರೀಕ್ಷೆ ಕೆಲಸದಲ್ಲಿದ್ದರು. "ಎಲ್ಡೇ ದಿನ ಅಂದ್ರು ಕಣವ್ವ," ಎಂದು ರೂಪಕ್ಕ ಆಮೇಲೆ ನನಗೆ ಹೇಳಿದಳು. "ಮಾಡ್ಕೊಟ್ಟೋರೇ ಬಂದು ಕೇಳುದ್ರೆ ಎಂಗೆ ಇಲ್ಲ ಅನ್ಲಿ? ಕೊಟ್ಬುಟ್ಟೆ."

ಕಮಿಟಿಯವರು ಕುರ್ಚಿಯನ್ನು ಬಹಳ ಮೆಚ್ಚಿಕೊಂಡರು. ಅದೇ ಕೇಡಾಯಿತು. ಆಡಳಿತದವರು ಗಾಜಿನ ಕೋಣೆ ಕಟ್ಟಿಸಿ, ಕುರ್ಚಿಯನ್ನು ನಡುವೆ ಇಟ್ಟು, ಖಾಲಿ ಕಾಣುತ್ತದೆಂದು ಗೊಂಬೆ ಕೂರಿಸಿದರು. ಉದ್ಘಾಟನೆಯ ದಿನ ಮೇಡಂ ಅವರನ್ನು ಪಕ್ಕದಲ್ಲಿ ನಿಲ್ಲಿಸಿ ತೆಗೆದದ್ದೇ ಆ ಫೋಟೊ. ಅದು ಮುಗಿದ ಕೂಡಲೆ ಅವರು ಎಚ್‌ಒಡಿ ಕೋಣೆಗೆ ಹೋದದ್ದನ್ನು, ಅಲ್ಲಿ ಆದ ಮಾತನ್ನು ಅವರೇ ನನಗೆ ಆಡಿ ತೋರಿಸಿದ್ದರು.

"ಅದು ಮಗು ಊಟ ಮಾಡೋ ಕುರ್ಚಿ, ಸರ್."

"ಗೊತ್ತು ಮೇಡಂ. ಅದಕ್ಕೇ ತಾನೆ ಎಲ್ಲಾ ಮೆಚ್ಕೊಂಡಿರೋದು. ಆ ಮಗುಗೆ ಇನ್ನೊಂದು ಮಾಡ್ಸಿಕೊಡಿ."

"ಹಾಗಾದ್ರೆ ಆ ಇನ್ನೊಂದನ್ನ ನೀವಿಟ್ಕೊಳ್ಳಿ. ಇದನ್ನ ಕೊಡಿ."

"ಕಮಿಟಿ ರಿಪೋರ್ಟಲ್ಲಿ ಇರೋದು ಇದರ ಫೋಟೊ ಮೇಡಂ, ಅರ್ಥ ಮಾಡ್ಕೊಳ್ಳಿ."

ಒಂದು ಸಂಜೆ ಡ್ಯೂಟಿ ಮುಗಿಸಿ ನಜರ್‌ಬಾದಿಗೆ ಹೋದೆ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಮೇಡಂ ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಎರಡು ಕಾಲಿನ ನಡುವೆ ಸಿಂಚನ, ಅವಳ ಬೆನ್ನು ಇವರ ಎದೆಗೆ. ಒಂದು ತೋಳು ಮಗುವಿನ ಎದೆಗೆ ಬೆಲ್ಟಿನ ಹಾಗೆ ಅಡ್ಡ. ಇನ್ನೊಂದು ಅಂಗೈ ಗಲ್ಲದ ಕೆಳಗೆ. ತೊಡೆಗಳು ಅವಳ ಸೊಂಟವನ್ನು ಎರಡೂ ಕಡೆಯಿಂದ ಒತ್ತಿ ಹಿಡಿದಿದ್ದವು. ನಾವು ಡ್ರಾಯಿಂಗಿನಲ್ಲಿ ಬರೆದಿದ್ದನ್ನೆಲ್ಲ ಅವರು ಮೈಯಲ್ಲಿ ಮಾಡಿ ಕೂತಿದ್ದರು. ರೂಪಕ್ಕ ಎದುರಿಗೆ ಕುಕ್ಕರಗಾಲಲ್ಲಿ ಕೂತು ಚಮಚ ಹಿಡಿದಿದ್ದಳು. ಒಬ್ಬಳೇ ಇದ್ದಾಗ ಹಿಡಿಯುವುದೋ ಉಣಿಸುವುದೋ, ಎರಡರಲ್ಲಿ ಒಂದೇ ಆಗುತ್ತಿತ್ತು.

"ಮೇಡಮ್ನೋರೇ, ಸೀರೆ ಗಲೀಜಾಯ್ತದೆ," ಎಂದಳು ರೂಪಕ್ಕ. ಗಂಜಿ ಇಳಿದು ಸೀರೆಯ ಮೇಲೆ ಗೆರೆ ಎಳೆದಿತ್ತು.

"ಆಗ್ಲಿ ಬಿಡಮ್ಮ. ಒಗೆಯೋಕೆ ಮಷೀನಿದೆ. ನುಂಗೋಕೆ ಇಲ್ಲ." ನನ್ನನ್ನು ನೋಡಿ, "ಬನ್ನಿ ಇಂಜಿನಿಯರ್ರೇ, ನಿಮ್ಮ ಕುರ್ಚಿ ಕಾಲೇಜಲ್ಲಿದೆ. ಸದ್ಯಕ್ಕೆ ನಾನೇ ಕುರ್ಚಿ. ನನಗೆ ಬೆನ್ನುನೋವಿದೆ, ಇದೊಂದು ಡಿಸೈನ್ ದೋಷ," ಅಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದಿನಿಂದ ದಿನಾ ಸಂಜೆ ಕಾಲೇಜು ಮುಗಿಸಿ ಅವರು ಅಲ್ಲಿಗೇ ಬರುತ್ತಿದ್ದರು. ಬೆಳಗಿನ ಊಟಕ್ಕೆ ಆಟೊ ತೆಗೆಯುವ ಮುಂಚೆ ಅಪ್ಪ ಕೂರುತ್ತಿದ್ದ. ರಜೆಯ ದಿನ ನಾನು. ನನ್ನ ಎದೆಗೆ ಒರಗಿದರೆ ಸಿಂಚನ ಮೈ ಸೆಟೆಸುತ್ತಿದ್ದಳು. ಮೇಡಂ ಬಂದರೆ ಸಡಿಲವಾಗುತ್ತಿದ್ದಳು. ಯಾಕೆಂದು ಯಾರಿಗೂ ಗೊತ್ತಿಲ್ಲ. "ನೀವು ಹೆದರ್ಕೊಂಡು ಕೂರ್ತೀರಿ. ನಿಮ್ಮ ಎದೆ ಹೊಡ್ಕೊಳ್ಳೋದು ಅವಳ ಬೆನ್ನಿಗೆ ಕೇಳತ್ತೆ," ಎಂದು ಮೇಡಂ ನನ್ನನ್ನು ರೇಗಿಸುತ್ತಿದ್ದರು.

ಪರೀಕ್ಷೆಯ ಕಾಲ ಬಂತು. ಕಾಲೇಜಿನವರು ಮೇಡಂಗೆ ಸಂಜೆಯ ಡ್ಯೂಟಿಯನ್ನೇ ಮತ್ತೆ ಮತ್ತೆ ಹಾಕಿದರು. ನಾನು ಶಿಫ್ಟಿನಲ್ಲಿದ್ದೆ, ಅಪ್ಪ ಆಟೊದಲ್ಲಿದ್ದ. ಹಸಿದ ಮಗು ಎಷ್ಟು ಹೊತ್ತು ಅಳುತ್ತದೆ? ರೂಪಕ್ಕ ಮಲಗಿಸಿಕೊಂಡು ಉಣಿಸಿದಳು. ಒಂದು ವಾರದಲ್ಲಿ ಸಿಂಚನ ದೊಡ್ಡಾಸ್ಪತ್ರೆಯಲ್ಲಿದ್ದಳು, ಮೂಗಿಗೆ ಆಮ್ಲಜನಕ. ಮೇಡಂ ಅವಳ ಪಕ್ಕೆಲುಬು ಏರಿಳಿಯುವುದನ್ನು ನೋಡುತ್ತಾ ನಿಂತಿದ್ದರು.

ಅವಳು ಮನೆಗೆ ಬಂದ ಮಾರನೆಯ ದಿನ, ಕಾಲೇಜಿನಲ್ಲಿ ಊಟದ ಬಿಡುವಿನ ಹೊತ್ತಿಗೆ, ಮೇಡಂ ಅಟೆಂಡರ್ ಕೈಲಿ ಗಾಜಿನ ಕೋಣೆಯ ಬೀಗ ತೆಗೆಸಿದರು. ಗೊಂಬೆಯ ಬೆಲ್ಟು ಬಿಚ್ಚಿ ಅದನ್ನು ನೆಲದ ಮೇಲೆ ಕೂರಿಸಿದರು. ಕುರ್ಚಿಯನ್ನು ತಳ್ಳಿಕೊಂಡು, ಹುಡುಗರೆಲ್ಲ ನೋಡುತ್ತಿರುವಾಗ ಅಂಗಳ ದಾಟಿ ಗೇಟಿಗೆ ಬಂದರು. ಎಚ್‌ಒಡಿ ಸರ್ ಹಿಂದೆಯೇ ಓಡಿಬಂದು, "ಮೇಡಂ, ಇದು ಕಾಲೇಜಿನ ಆಸ್ತಿ! ಮೆಮೊ ಕೊಡಬೇಕಾಗತ್ತೆ!" ಅಂದರಂತೆ. "ಕೊಡಿ ಸರ್. ಗಾಜಿನ ಕೋಣೇಲಿ ಜಾಗ ಖಾಲಿ ಇದೆ, ಅಲ್ಲೇ ಇಡಿ," ಅಂದು ಗೂಡ್ಸ್ ಆಟೊ ಹತ್ತಿದರಂತೆ. ಈ ಕಥೆ ಈಗಲೂ ಕಾಲೇಜಿನಲ್ಲಿ ಓಡಾಡುತ್ತದೆ. ಹೇಳುವವರೆಲ್ಲ ಇಲ್ಲಿಗೇ ನಿಲ್ಲಿಸುತ್ತಾರೆ, ಚಪ್ಪಾಳೆ ಬೀಳುವ ಜಾಗದಲ್ಲಿ.

ಮುಂದಿನದನ್ನು ನಾನು ನೋಡಿದ್ದೇನೆ. ಮೇಡಂ ಅವರ ಫೋನು ಬಂತೆಂದು ನಾನೂ ರಜೆ ಹಾಕಿ ನಜರ್‌ಬಾದಿಗೆ ಓಡಿದ್ದೆ. ಸಿಂಚನಳನ್ನು ಎತ್ತಿ ಕುರ್ಚಿಯಲ್ಲಿ ಇಳಿಸಿದೆವು. ಅವಳು ಇಳಿಯಲಿಲ್ಲ. ಆ ತಿಂಗಳುಗಳಲ್ಲಿ ಅವಳು ಉದ್ದ ಆಗಿದ್ದಳು, ಮಲಗಿ ಮಲಗಿ ಸೊಂಟ ಒಂದು ಕಡೆಗೆ ತಿರುಚಿಕೊಂಡಿತ್ತು. ಮಿಲಿಮೀಟರು ಲೆಕ್ಕದಲ್ಲಿ ಕೂರಿಸಿದ್ದ ತೊಡೆಯ ಪಟ್ಟಿಗಳು ಅವಳ ಮೂಳೆಗೆ ಒತ್ತಿದವು. ಮೇಡಂ ಒಂದು ಕಡೆ ಸರಿಸಿದರು, ಇನ್ನೊಂದು ಕಡೆ ದಿಂಬಿಟ್ಟರು, ಕಾಲು ಮಡಿಸಿ ನೋಡಿದರು. ಮಗು ಚೀರಿತು.

"ಬುಡಿ ಮೇಡಮ್ನೋರೇ," ಎಂದಳು ರೂಪಕ್ಕ. "ನೋವಾಯ್ತದೆ ಅವ್ಳಿಗೆ. ಬುಡಿ."

ಮೇಡಂ ಬಿಟ್ಟರು. ಹೊಸಿಲ ಮೇಲೆ ಕೂತು ಕುರ್ಚಿಯ ವೆಲ್ಡಿಂಗನ್ನು ನೋಡಿದರು. ಆಮೇಲೆ ನನಗೆ ಹೇಳಿದ್ದು, ಮೊದಲ ಬಾರಿಗೆ 'ರೀ' ಇಲ್ಲದೆ: "ಹೆಣ್ಣುಮಕ್ಕಳ ಲಂಗಕ್ಕೆ ಒಳಗಡೆ ಮಡಿಕೆ ಬಿಟ್ಟು ಹೊಲೀತಾರೆ ಕಣೇ, ಬೆಳೆದ ಹಾಗೆ ಬಿಚ್ಚೋಕೆ. ಆ ಹುಡುಗ ಬೋಲ್ಟು ಹಾಕೋಣ ಅಂದ. ನಾನು ಬೇಡ ಅಂದೆ. ನಾನೇ ಅಂದೆ."

"ಬೀಳಬಾರದು ಅಂತ ತಾನೆ ಮೇಡಂ ಅಂದಿದ್ದು," ಎಂದೆ.

ಹೊಸ ವರ್ಷದ ಗುಂಪಿಗೆ ಅದೇ ಕುರ್ಚಿಯನ್ನು ಹೊಸ ಅಳತೆಗೆ, ಸರಿಸಲು ಬರುವ ಹಾಗೆ ಮಾಡಿಸಬೇಕೆಂದು ಹೊರಟರು. ಪ್ರಾಜೆಕ್ಟು ಒಪ್ಪುವ ಸಮಿತಿ ತಿರಸ್ಕರಿಸಿತು. ಹೋದ ವರ್ಷ ಆಗಿರುವ ಪ್ರಾಜೆಕ್ಟು, ಇದರಲ್ಲಿ ಹೊಸತೇನಿಲ್ಲ, ನಾವೆಲ್ಟಿ ಬೇಕು ಎಂದರು. "ಮಗು ಬೆಳೆದಿದೆಯಲ್ರೀ, ಅದು ಹೊಸತಲ್ವಾ?" ಎಂದು ಮೇಡಂ ಕೇಳಿದರಂತೆ. ಸಮಿತಿಯಲ್ಲಿ ಇಬ್ಬರು ನಕ್ಕರಂತೆ. ಮೆಮೊ ಬಂದವರಿಗೆ ಆ ವರ್ಷ ಗುಂಪನ್ನೇ ಕೊಡಲಿಲ್ಲ. ಯಾವುದೋ ಗುಂಪು ಮತ್ತೆ ಕೋಲು ಮಾಡಿತು.

ಮೇಡಂ ನನ್ನ ಕೈಗೆ ಅಳತೆಯ ಟೇಪು ಕೊಟ್ಟರು. ಡ್ರಾಯಿಂಗು ನಾನು ಮಾಡಿದೆ, ಅವರು ಕೆಂಪು ಶಾಯಿಯಲ್ಲಿ ತಿದ್ದಿದರು. ಎಲ್ಲ ಕಡೆ ಬೋಲ್ಟು. ನಮ್ಮ ಕಾರ್ಖಾನೆಯ ಸೂಪರ್‌ವೈಸರು ಆರ್ಡರಿನ ಕೆಲಸ ಕಡಿಮೆಯಾದಾಗ ಪೈಪು ಬಗ್ಗಿಸಿಕೊಳ್ಳಲು ಬಿಡುತ್ತೇನೆ ಎಂದಿದ್ದರು. ಕೆಲಸ ಕಡಿಮೆಯಾಗಲಿಲ್ಲ. ಪೈಪುಗಳು ಹಾಗೇ ಇವೆ. ಅಷ್ಟೂ ದಿನ ಮೇಡಂ ಸಂಜೆ ಹೊತ್ತು ಗೋಡೆಗೆ ಒರಗಿ ಕೂತರು. ಏಳುವಾಗ ಒಂದು ಕೈ ನೆಲಕ್ಕೆ, ಒಂದು ಕೈ ರೂಪಕ್ಕನ ಭುಜಕ್ಕೆ ಕೊಡುತ್ತಿದ್ದರು. ಎದೆ ಹಿಡಿದುಕೊಂಡಂತೆ ಆಗುತ್ತದೆ ಎಂದು ಒಂದು ಸಲ ಹೇಳಿದರು. ಡಾಕ್ಟರ ಹತ್ತಿರ ಹೋಗಿ ಎಂದರೆ, "ಸಂಜೆ ಹೊತ್ತೇ ಅವರು ಸಿಗೋದು. ಸಂಜೆ ನನಗೆಲ್ರೀ ಬಿಡುವು?" ಎಂದರು. ಒಂದು ಬೆಳಿಗ್ಗೆ ಅಗ್ರಹಾರದ ಮನೆಯಲ್ಲಿ, ಕಾಲೇಜಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದವರು ಹಾಗೇ ಮುಂದಕ್ಕೆ ಬಾಗಿದರಂತೆ.

ಸಂಸ್ಕಾರಕ್ಕೆ ಕಾಲೇಜಿನಿಂದ ಬಸ್ಸು ಬಂದಿತ್ತು. ದೊಡ್ಡ ಹಾರ ಬಂದಿತ್ತು. ನಾನು ಅಲ್ಲಿಂದ ಸೀದಾ ನಜರ್‌ಬಾದಿಗೆ ಹೋಗಬೇಕಿತ್ತು, ಶಿಫ್ಟಿತ್ತು, ಹೋಗಲಾಗಲಿಲ್ಲ. ಭಾನುವಾರ ಹೋದೆ.

ರೂಪಕ್ಕ ಬಾಗಿಲಲ್ಲೇ ನಿಂತಿದ್ದಳು. "ಬಾಯಿ ಬುಡ್ತಾ ಇಲ್ಲ ಕಣವ್ವ. ಅವರಪ್ಪ ಕುಂತ್ರೂ ಇಲ್ಲ. ಸಂಜೆ ಆದ್ರೆ ಬಾಗಿಲು ಕಡೀಕೇ ನೋಡ್ತಾಳೆ. ಮೇಡಮ್ನೋರು ಇಲ್ಲ ಅಂತ ಇವ್ಳಿಗೆ ಎಂಗೆ ಹೇಳ್ಲಿ? ನಾಳೆನೂ ತಿನ್ನಲಿಲ್ಲ ಅಂದ್ರೆ ದಾಖಲು ಮಾಡಿ, ಮೂಗಿಗೆ ನಳಿಗೆ ಹಾಕ್ತೀವಿ ಅಂದವ್ರೆ ಡಾಕ್ಟ್ರು."

ಸಿಂಚನ ಚಾಪೆಯ ಮೇಲೆ ಮಲಗಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು. ನಾನು ಮೇಡಂ ಕೂರುತ್ತಿದ್ದ ಗೋಡೆಗೆ ಒರಗಿ ಕೂತೆ. ರೂಪಕ್ಕ ಅವಳನ್ನು ಎತ್ತಿ ನನ್ನ ಎದೆಗೆ ಒರಗಿಸಿದಳು. ತೊಡೆಗಳಿಂದ ಸೊಂಟ ಒತ್ತಿ ಹಿಡಿದೆ, ಒಂದು ತೋಳು ಅಡ್ಡ ಹಾಕಿದೆ, ಗಲ್ಲಕ್ಕೆ ಅಂಗೈ ಕೊಟ್ಟೆ. ಅವಳು ತಲೆಯನ್ನು ಹಿಂದಕ್ಕೆ ಒತ್ತಿ ನನ್ನ ಕತ್ತಿನ ಬಳಿ ಏನನ್ನೋ ಹುಡುಕಿದಳು. ಸಿಗಲಿಲ್ಲ. ಮೈ ಕೋಲಿನ ಹಾಗೆ ಸೆಟೆಯಿತು.

"ಎದ್ರುಬ್ಯಾಡ ಕಣವ್ವ," ಎಂದಳು ರೂಪಕ್ಕ.

"ಹೆದರ್ಕೊಂಡಿಲ್ಲ ಅಕ್ಕ," ಎಂದೆ. ಸುಳ್ಳು. ಉಸಿರನ್ನು ನಿಧಾನ ಮಾಡಿಕೊಂಡೆ. ಹೊರಗೆ ಯಾರೋ ಗಾಡಿಯಲ್ಲಿ ಸೊಪ್ಪು ಕೂಗುತ್ತಾ ಹೋದರು. ಅವಳ ಬೆನ್ನು ನನ್ನ ಎದೆಗೆ ಅಂಟಿಕೊಂಡೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಅವಳ ತುಟಿ ಒಂದಿಷ್ಟು ಬಿಟ್ಟುಕೊಂಡಿತು. ರೂಪಕ್ಕ ಚಮಚವನ್ನು ಒಳಗೆ ಇಳಿಸಿದಳು.

ಗಂಜಿ ಬಾಯಿಯಲ್ಲೇ ಇತ್ತು. ನನ್ನ ಬೆರಳುಗಳು ಅವಳ ಗಂಟಲ ಮೇಲಿದ್ದವು. ಅಲ್ಲಿ ಏನೂ ಅಲುಗಲಿಲ್ಲ.

"ಹೋಯ್ತಾ?" ಎಂದಳು ರೂಪಕ್ಕ.

"ಇನ್ನೂ ಇಲ್ಲ ಅಕ್ಕ."

ಅವಳು ಇನ್ನೊಂದು ಚಮಚ ತುಂಬಿಕೊಂಡು, ಅದನ್ನು ಗಾಳಿಯಲ್ಲೇ ಹಿಡಿದು ಕಾದಳು.